ಗನ್ನು ಕೆಮ್ಮಿದರೆ ಗನ್ನು ಬಿಚ್ಚಬೇಡಿ: ಮನೆಯ ಸ್ಯಾಂಡ್‌ಬ್ಲಾಸ್ಟಿಂಗ್‌ನಲ್ಲಿ ದೋಷ ಹುಡುಕುವ ಬಗೆ

ಟ್ರಿಗರ್ ಒತ್ತಿದರೆ ಎರಡು ಸೆಕೆಂಡ್ ಚೆನ್ನಾಗಿ ಹೊಡೆಯುತ್ತಿತ್ತು. ಆಮೇಲೆ ಫುಸ್ ಫುಸ್ ಅಂತ ಕೆಮ್ಮು. ಸ್ವಲ್ಪ ಹೊತ್ತು ಬರೀ ಗಾಳಿ. ಮತ್ತೆ ಇದ್ದಕ್ಕಿದ್ದಂತೆ ಒಂದು ಹಿಡಿ ಪುಡಿ ಒಟ್ಟಿಗೇ ಉಗಿಯುವುದು. ಜುಲೈ ತಿಂಗಳು, ಮೈಸೂರಿನಲ್ಲಿ ಮೂರು ದಿನದಿಂದ ಜಿಟಿಜಿಟಿ ಮಳೆ. ಪೆಟ್ಟಿಗೆಯೊಳಗೆ ಯೆಜ್ಡಿ ಬೈಕಿನ ಸೆಂಟರ್ ಸ್ಟ್ಯಾಂಡು ಅರ್ಧ ಬೂದು, ಅರ್ಧ ಕಂದು ಬಣ್ಣದಲ್ಲಿ ಬಿದ್ದಿತ್ತು. ಇದೇ ಊರಿನ ಕಾರ್ಖಾನೆಯಲ್ಲಿ ಹುಟ್ಟಿದ ಗಾಡಿ. ಆ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಹಾಗಾಗಿ ಅಲ್ಲಿ ಹುಟ್ಟಿದ ಎಷ್ಟೇ ಹೊಸ ಯೆಜ್ಡಿ ಅಂದರೂ ಅದರ ತುಕ್ಕಿಗೆ ಹತ್ತಿರ ಹತ್ತಿರ ಮೂವತ್ತು ವರ್ಷ ವಯಸ್ಸು. ವೈರ್ ಬ್ರಷ್ಷಿಗೆ ಬಗ್ಗುವ ಜಾತಿಯದಲ್ಲ. ಅದಕ್ಕೇ ಸ್ಯಾಂಡ್‌ಬ್ಲಾಸ್ಟಿಂಗ್, ಅಂದರೆ ಕಂಪ್ರೆಸರಿನಲ್ಲಿ ಹಿಂಡಿದ ಗಾಳಿಯ ಜೋರಿಗೆ ಗಡಸು ಪುಡಿಯನ್ನು ಗನ್ನಿನಿಂದ ಹೊಡೆದು ತುಕ್ಕು, ಹಳೆಯ ಪೇಂಟು ಕಿತ್ತುಹಾಕುವುದು.

ನಾನೂ ಎಲ್ಲರಂತೆ ಗನ್ನನ್ನೇ ಬೈದೆ. ಮೂರು ಸಲ ಬಿಚ್ಚಿದೆ, ಊದಿದೆ, ಜೋಡಿಸಿದೆ. ಹೊಸ ನಾಝಲ್ (ಗನ್ನಿನ ತುದಿಯ ಬಾಯಿ) ತಂದು ಹಾಕಿದೆ. ಕೆಮ್ಮು ಹೋಗಲಿಲ್ಲ. ಕೊನೆಗೆ ಬೇಜಾರಾಗಿ ಕಂಪ್ರೆಸರ್ ಟ್ಯಾಂಕಿನ ತಳದ ಡ್ರೈನ್ ವಾಲ್ವ್ ತಿರುಗಿಸಿದರೆ ಟೀ ಬಣ್ಣದ ನೀರು ಸುರಿಯಿತು. ಸುರಿಯುತ್ತಲೇ ಇತ್ತು. ಕೆಳಗಿಟ್ಟ ಡಬ್ಬದಲ್ಲಿ ಒಂದೂವರೆ ಲೀಟರ್ ಆಯಿತು.

ಆವತ್ತಿನಿಂದ ನಾನು ದೋಷ ಹುಡುಕುವ ದಿಕ್ಕನ್ನೇ ಬದಲಿಸಿದೆ. ಕರೆಂಟಿನ ಪ್ಲಗ್ಗಿನಿಂದ ಶುರು ಮಾಡಿ ನಾಝಲ್ಲಿನ ಕಡೆಗೆ ಬರುತ್ತೇನೆ, ನಾಝಲ್ಲಿನಿಂದ ಪ್ಲಗ್ಗಿನ ಕಡೆಗೆ ಹೋಗುವುದಿಲ್ಲ. ಗನ್ನಿನ ಬಾಯಲ್ಲಿ ಕಾಣುವ ರೋಗಗಳಲ್ಲಿ ಜಾಸ್ತಿ ಪಾಲು ಗಾಳಿಯದ್ದು: ಗಾಳಿ ಸಾಲದು, ಇಲ್ಲವೇ ಗಾಳಿ ಒದ್ದೆ. ಇನ್ನೊಂದು ನಿಯಮ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನಾಝಲ್ಲೂ ಪುಡಿಯೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದೇ ಇಲ್ಲ.

ಇಲ್ಲಿ ಹೇಳುವುದು 2 ಎಚ್‌ಪಿ ಸಿಂಗಲ್ ಫೇಸ್ ಕಂಪ್ರೆಸರ್, 50 ಲೀಟರ್ ಟ್ಯಾಂಕು, ಪುಡಿಯನ್ನು ತಾನೇ ಎಳೆದುಕೊಳ್ಳುವ ಸೈಫನ್ ಗನ್ನು, ಕೈಗವಸು ತೂರಿಸಿದ ಮುಚ್ಚಿದ ಪೆಟ್ಟಿಗೆ, ಇಷ್ಟಿರುವವರಿಗೆ. ಪುಡಿಯನ್ನು ಒತ್ತಡದಲ್ಲಿ ತಳ್ಳುವ ಪ್ರೆಶರ್ ಪಾಟ್ ಬೇರೆಯೇ ವಿಷಯ. ಹಳೆಯ ಗ್ಯಾಸ್ ಸಿಲಿಂಡರ್ ಕೊಯ್ದು ಪಾಟ್ ಮಾಡಿಕೊಳ್ಳುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಕೊಯ್ದು ಬೆಸೆದ ಸಿಲಿಂಡರ್ ಎಷ್ಟು ಒತ್ತಡ ತಡೆಯುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಅದು ತಾನಾಗಿ ತಿಳಿಸುವ ದಿನ ನೀವು ಪಕ್ಕದಲ್ಲೇ ನಿಂತಿರುತ್ತೀರಿ.

ದೋಷಕ್ಕೆ ಮುಂಚೆ: ಒಳಗಿರುವ ಪುಡಿ ಯಾವುದು?

“ಸ್ಯಾಂಡ್ ಬ್ಲಾಸ್ಟಿಂಗ್ ಅಂತ ಹೆಸರಲ್ಲೇ ಇದೆಯಲ್ಲ ಸಾರ್, ಮನೆ ಕಟ್ಟಿದಾಗ ಉಳಿದ ಮರಳೇ ಹಾಕಿ” ಅಂದಿದ್ದರು ನಮ್ಮ ಬೀದಿಯ ವೆಲ್ಡಿಂಗ್ ಅಂಗಡಿಯ ಅಣ್ಣ. ಒಳ್ಳೆಯ ಮನುಷ್ಯ, ಆದರೆ ಇದೊಂದು ಮಾತು ಕೇಳಬಾರದು. ಹೊಳೆ ಮರಳಿನಲ್ಲಿ ತುಂಬಿರುವುದು ಕ್ವಾರ್ಟ್ಜ್, ಅಂದರೆ ಹರಳು ರೂಪದ ಸಿಲಿಕಾ. ಗ್ರಾನೈಟ್ ಪುಡಿ ಮಾಡಿದ ಎಂ-ಸ್ಯಾಂಡಿನಲ್ಲೂ ಅದೇ. ಕಬ್ಬಿಣಕ್ಕೆ ಬಡಿದಾಗ ಮರಳಿನ ಕಾಳು ಒಡೆದು ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಾಗುತ್ತದೆ. ಅದು ಶ್ವಾಸಕೋಶದ ತುದಿಯವರೆಗೂ ಇಳಿದು ಅಲ್ಲೇ ಉಳಿಯುತ್ತದೆ. ಸಿಲಿಕೋಸಿಸ್ ಅಂದರೆ ಅದೇ. ಅದಕ್ಕೆ ವಾಸಿ ಮಾಡುವ ಮದ್ದಿಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಕ್ವಾರ್ಟ್ಜ್ ಬಂಡೆ ಒಡೆದವರ ಮನೆಗಳಲ್ಲಿ ಈ ಕಾಯಿಲೆಯ ಬಗ್ಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬ್ರಿಟನ್ 1949ರ ನಿಯಮದಲ್ಲೇ ಈ ಕೆಲಸಕ್ಕೆ ಮರಳು ಬಳಸಬಾರದು ಅಂತ ಹೇಳಿತು. ಜೀನ್ಸ್ ಪ್ಯಾಂಟಿಗೆ ಹಳೆಯ ಕಳೆ ಬರಿಸಲು ಮರಳು ಹೊಡೆಯುತ್ತಿದ್ದ ಹುಡುಗರು ಇದೇ ಕಾಯಿಲೆಗೆ ಬಿದ್ದ ಮೇಲೆ ಟರ್ಕಿ 2009ರಲ್ಲಿ ಆ ಕೆಲಸವನ್ನೇ ನಿಲ್ಲಿಸಿತು.

ತುಕ್ಕಿಗೆ ಎರಡು ಪುಡಿ ಸಾಕು: ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಗಾರ್ನೆಟ್. ನಾನು ಬಳಸುವುದು 80 ಮೆಶ್ (ಜರಡಿಯ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಪುಡಿ ನವಿರು), ಕೈಗೆ ಚಿರೋಟಿ ರವೆಯ ಹಾಗಿರುತ್ತದೆ. 36 ಮೆಶ್ ಅಂದರೆ ಉಪ್ಪಿಟ್ಟು ರವೆ. ದಪ್ಪ ಕಬ್ಬಿಣದ ಮೇಲೆ ಅದು ಬೇಗ ಕೆಲಸ ಮಾಡುತ್ತದೆ, ಆದರೆ ಸಣ್ಣ ಗನ್ನಿನಲ್ಲಿ ಪದೇ ಪದೇ ಸಿಕ್ಕಿಕೊಳ್ಳುತ್ತದೆ. ಗ್ಲಾಸ್ ಬೀಡ್ ಗುಂಡಗಿನ ಕಾಳು. ಹೊಳಪು ಕೊಡುತ್ತದೆ, ತುಕ್ಕು ಕೊರೆಯುವುದಿಲ್ಲ. “ಎಷ್ಟು ಹೊಡೆದರೂ ತುಕ್ಕು ಹೋಗ್ತಿಲ್ಲ” ಅನ್ನುವವರ ಪೆಟ್ಟಿಗೆಯಲ್ಲಿ ಬಹಳ ಸಲ ಇದೇ ಇರುತ್ತದೆ. ಅಲ್ಲಿ ದೋಷ ಏನೂ ಇಲ್ಲ, ಪುಡಿಯೇ ಬೇರೆ.

ಗನ್ನು ಕೆಮ್ಮುತ್ತದೆ

ಮಳೆಗಾಲದಲ್ಲಿ ನೀರನ್ನೇ ಮೊದಲು ಅನುಮಾನಿಸಿ. ಲೆಕ್ಕ ನೋಡಿ. 25 ಡಿಗ್ರಿ, 85% ತೇವ ಇರುವ ದಿನ ಒಂದು ಘನ ಮೀಟರ್ ಗಾಳಿಯಲ್ಲಿ 20 ಗ್ರಾಂ ಹತ್ತಿರ ನೀರಿನ ಆವಿ ಇರುತ್ತದೆ. ಆ ಗಾಳಿಯನ್ನು ಎಂಟರಲ್ಲಿ ಒಂದು ಪಾಲಿಗೆ ಹಿಂಡಿ ತಣ್ಣಗಾಗಲು ಬಿಟ್ಟರೆ ಅಷ್ಟು ಆವಿ ಹಿಡಿದಿಟ್ಟುಕೊಳ್ಳಲು ಜಾಗವಿಲ್ಲ. 16-17 ಗ್ರಾಂನಷ್ಟು ನೀರಾಗಿ ಇಳಿಯುತ್ತದೆ. ನನ್ನ ಕಂಪ್ರೆಸರ್ ಒಂದು ಗಂಟೆ ಬಿಡದೆ ಓಡಿದರೆ ಒಂದು ದೊಡ್ಡ ಕಾಫಿ ಲೋಟದಷ್ಟು ನೀರು ಹಿಂಡುತ್ತದೆ. ಅದರಲ್ಲಿ ಸ್ವಲ್ಪ ಟ್ಯಾಂಕಿನ ತಳಕ್ಕೆ, ಉಳಿದದ್ದು ಪೈಪಿನಲ್ಲಿ ನಿಮ್ಮ ಗನ್ನಿಗೆ.

ಪರೀಕ್ಷೆ ಸುಲಭ. ಪುಡಿ ಎಳೆಯುವ ಪೈಪನ್ನು ಗನ್ನಿನಿಂದ ಕಳಚಿ. ಒಂದು ಬಿಳಿ ಕಾಗದವನ್ನು ಪೆಟ್ಟಿಗೆಯ ಹಿಂಗೋಡೆಗೆ ಅಂಟಿಸಿ, ಅರ್ಧ ಅಡಿ ದೂರದಿಂದ ಬರೀ ಗಾಳಿ ಹತ್ತು ಸೆಕೆಂಡ್ ಬಿಡಿ. ಕಾಗದ ಒಣಗಿದ್ದರೆ ಗಾಳಿ ಸರಿ. ಸಣ್ಣ ಸಣ್ಣ ತೇವದ ಚುಕ್ಕೆ ಬಿದ್ದರೆ ನೀರು. ಚುಕ್ಕೆ ಆರಿದ ಮೇಲೂ ಕಾಗದ ಬೆಳಕಿಗೆ ಹಿಡಿದರೆ ಜಿಡ್ಡಿನಂತೆ ಪಾರದರ್ಶಕವಾಗಿ ಕಂಡರೆ ಆಯಿಲ್ಲೂ ಬರುತ್ತಿದೆ, ಕಂಪ್ರೆಸರಿನ ಪಿಸ್ಟನ್ ರಿಂಗು ಸವೆದಿರಬಹುದು.

ಆಮೇಲೆ ಪುಡಿಯನ್ನು ನೋಡಿ. ಕೈಗವಸು ಹಾಕಿಕೊಂಡು ಒಂದು ಹಿಡಿ ತೆಗೆದುಕೊಂಡು ಬಿಗಿಯಾಗಿ ಅದುಮಿ, ಕೈ ಬಿಚ್ಚಿ. ರವೆಯಂತೆ ಬೆರಳ ಸಂದಿಯಿಂದ ಜಾರಿ ಹೋಗಬೇಕು. ತಂಬಿಟ್ಟಿನ ಉಂಡೆಯ ಹಾಗೆ ನಿಂತುಕೊಂಡರೆ ಆ ಪುಡಿ ಯಾವ ಗನ್ನಿನಲ್ಲೂ ಹರಿಯುವುದಿಲ್ಲ. ನಾನು ಹಾಳಾದ ಪುಡಿಯನ್ನು ಒಣಗಿಸಲು ಹೋಗುವುದಿಲ್ಲ. ಬಳಸಿದ ಪುಡಿಯಲ್ಲಿ ಹಳೆಯ ಪೇಂಟಿನ ಚೂರು ಇರುತ್ತದೆ, ಹಳೆಯ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಇದೆ. ಅದನ್ನು ಟಾರ್ಪಾಲಿನ ಮೇಲೆ ಹರವಿ ಗಾಳಿಗೆ ಬಿಡುವ ಕೆಲಸ ಬೇಡ. ತೆರೆಯದ ಹೊಸ ಚೀಲವೇ ತೇವ ಹಿಡಿದಿದ್ದರೆ ಮಾತ್ರ, ಅಡುಗೆಗೆ ಬಳಸದ ಹಳೆಯ ಕಬ್ಬಿಣದ ಬಾಂಡ್ಲಿಯಲ್ಲಿ, ಹೊರಗಿನ ಒಲೆಯ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಿಕೊಳ್ಳಿ. ಮಾಸ್ಕ್ ಹಾಕಿಕೊಂಡೇ ಕೈಯಾಡಿಸಿ.

ನೀರಿಗೆ ಪರಿಹಾರ ಅಂತ ಎಲ್ಲರೂ ಮೊದಲು ಮಾಡುವುದು ಟ್ಯಾಂಕಿನ ಬಾಯಿಗೇ ಒಂದು ಫಿಲ್ಟರ್ ಕೂರಿಸುವುದು. ನಾನೂ ಮಾಡಿದ್ದೆ. ದುಡ್ಡು ದಂಡ. ಅಲ್ಲಿ ಗಾಳಿ ಇನ್ನೂ ಬಿಸಿ ಇರುತ್ತದೆ. ನೀರು ಆವಿಯಾಗಿಯೇ ಫಿಲ್ಟರ್ ದಾಟಿ, ಮುಂದೆ ಪೈಪಿನಲ್ಲಿ ತಣ್ಣಗಾಗಿ ಹನಿಯಾಗುತ್ತದೆ. ಫಿಲ್ಟರ್ ಹಿಡಿಯುವುದು ಹನಿಯನ್ನು, ಆವಿಯನ್ನಲ್ಲ. ಹಾಗಾಗಿ ಗಾಳಿಯನ್ನು ಮೊದಲು ತಣ್ಣಗೆ ಮಾಡಬೇಕು. ನಾನು ಪ್ಲಂಬರ್ ಹತ್ತಿರ ಅರ್ಧ ಇಂಚಿನ ಜಿಐ ಪೈಪು ತರಿಸಿ, ಶೆಡ್ಡಿನ ಗೋಡೆಯ ಮೇಲೆ ಮೂರು ಸಲ ಮೇಲೆ ಕೆಳಗೆ ಓಡಿಸಿದೆ, ಒಟ್ಟು ಇಪ್ಪತ್ತೈದು ಅಡಿ. ಪ್ರತಿ ತಿರುವಿನ ಕೆಳಗೆ ಒಂದು ಗೇಣು ಪೈಪು ನೇತುಬಿಟ್ಟು ತುದಿಗೆ ಬಾಲ್ ವಾಲ್ವ್. ನೀರು ಅಲ್ಲಿ ಸೇರಿಕೊಳ್ಳುತ್ತದೆ. ಗನ್ನಿಗೆ ಹೋಗುವ ಪೈಪನ್ನು ಮಾತ್ರ ಕೊಳವೆಯ ಮೇಲ್ಭಾಗದಿಂದ ತೆಗೆದೆ. ಫಿಲ್ಟರ್ ಈಗ ಕೊನೆಯಲ್ಲಿ, ಪೆಟ್ಟಿಗೆಯ ಪಕ್ಕದಲ್ಲಿದೆ. ಪಿವಿಸಿ ಪೈಪಿನಲ್ಲಿ ಇದನ್ನು ಮಾಡಲೇಬೇಡಿ. ನೀರಿನ ಒತ್ತಡ ತಡೆಯುವ ಪಿವಿಸಿ ಹಿಂಡಿದ ಗಾಳಿಗೆ ಒಡೆದರೆ ಚೂರು ಚೂರಾಗಿ ಸಿಡಿಯುತ್ತದೆ.

ಗಾಳಿಯೂ ಒಣ, ಪುಡಿಯೂ ಒಣ, ಆದರೂ ಕೆಮ್ಮು ನಿಲ್ಲದಿದ್ದರೆ? ಪುಡಿಯೊಳಗೆ ಹುಗಿದಿರುವ ಎಳೆಯುವ ಕೊಳವೆಗೆ ಗಾಳಿ ಸೇರುವ ಸಣ್ಣ ತೂತು ಇರಬೇಕು. ಬರೀ ಪುಡಿಯನ್ನು ಎಳೆಯಲು ಆಗುವುದಿಲ್ಲ, ಗಾಳಿಯ ಜೊತೆ ಬೆರೆತರೆ ಮಾತ್ರ ಅದು ನೀರಿನಂತೆ ಹರಿಯುತ್ತದೆ. ಮಜ್ಜಿಗೆಗೆ ನೀರು ಬೆರೆಸಿದ ಹಾಗೆ. ಆ ತೂತು ಪುಡಿಯಲ್ಲಿ ಮುಚ್ಚಿಹೋಗಿದ್ದರೆ ಪೈಪು ಉಸಿರುಗಟ್ಟಿ ತಡೆದು ತಡೆದು ಉಗಿಯುತ್ತದೆ. ತೂತು ದೊಡ್ಡದಾದರೆ ಪುಡಿ ಕಡಿಮೆ, ಗಾಳಿ ಜಾಸ್ತಿ. ತೂತಿನ ಮೇಲೆ ಒಂದು ಸುತ್ತು ಟೇಪು ಸುತ್ತಿ, ಸ್ವಲ್ಪ ಸ್ವಲ್ಪವೇ ಸರಿಸುತ್ತಾ ನೋಡಿ. ಕೆಮ್ಮು ನಿಂತ ಜಾಗದಲ್ಲಿ ಬಿಟ್ಟುಬಿಡಿ.

ಇನ್ನು ಕಸ. ಸುಲಿದು ಬಿದ್ದ ಪೇಂಟಿನ ಸಿಪ್ಪೆ ಪುಡಿಯ ಜೊತೆ ಮತ್ತೆ ಗನ್ನಿಗೆ ಏರುತ್ತದೆ. ಕಿಟಕಿಯ ಸೊಳ್ಳೆ ಜಾಲರಿಯ ಒಂದು ತುಂಡನ್ನು ಪೆಟ್ಟಿಗೆಯ ಆಲಿಕೆಯ ಮೇಲೆ ಹಾಸಿದರೆ ಸಾಕು.

ಶುರುವಿನಲ್ಲಿ ಜೋರು, ಒಂದು ನಿಮಿಷಕ್ಕೆ ಸುಸ್ತು

ಇದು ಕೆಟ್ಟದ್ದಲ್ಲ, ಲೆಕ್ಕ ತಪ್ಪಿದ್ದು. ನನ್ನ ಕಂಪ್ರೆಸರಿನ ಪ್ಲೇಟಿನ ಮೇಲೆ 8 ಸಿಎಫ್‌ಎಂ, ಅಂದರೆ ನಿಮಿಷಕ್ಕೆ 8 ಘನ ಅಡಿ ಗಾಳಿ, ಅಂತ ಬರೆದಿದೆ. ಅದು ಪಿಸ್ಟನ್ ಅಲುಗಾಡುವ ಜಾಗದ ಲೆಕ್ಕ. ನಿಜಕ್ಕೂ ಟ್ಯಾಂಕಿಗೆ ಇಳಿಯುವ ಗಾಳಿ ಅದಕ್ಕಿಂತ ಕಡಿಮೆ. ನೀವೇ ಅಳೆಯಬಹುದು. ಟ್ಯಾಂಕು ಪೂರ್ತಿ ಖಾಲಿ ಮಾಡಿ, ನೀರೂ ಬಿಟ್ಟು, ವಾಲ್ವ್ ಮುಚ್ಚಿ. ಕಂಪ್ರೆಸರ್ ಹಾಕಿ, ಒತ್ತಡ 7 ಬಾರ್ ಅಂದರೆ ಸುಮಾರು 100 ಪಿಎಸ್‌ಐ ಮುಟ್ಟಲು ಎಷ್ಟು ಸೆಕೆಂಡ್ ಅಂತ ಮೊಬೈಲಿನಲ್ಲಿ ನೋಡಿಕೊಳ್ಳಿ. ನನ್ನದಕ್ಕೆ 150 ಸೆಕೆಂಡ್. 50 ಲೀಟರ್ ಗುಣಿಸು 7, ಅಂದರೆ 350 ಲೀಟರ್ ಗಾಳಿ ಎರಡೂವರೆ ನಿಮಿಷಕ್ಕೆ. ನಿಮಿಷಕ್ಕೆ 140 ಲೀಟರ್. ಒಂದು ಘನ ಅಡಿ ಅಂದರೆ 28 ಲೀಟರ್, ಅದರಿಂದ ಭಾಗಿಸಿದರೆ 5 ಸಿಎಫ್‌ಎಂ. ಇಷ್ಟೇ ನನ್ನ ಬಂಡವಾಳ.

ಗನ್ನಿನ ಒಳಗಿನ ಏರ್ ಜೆಟ್ಟಿನ ತೂತು 2.5 ಮಿ.ಮೀ. ಇದ್ದರೆ 80 ಪಿಎಸ್‌ಐಗೆ ಅದು 10 ಸಿಎಫ್‌ಎಂ ಮೇಲೆಯೇ ಕುಡಿಯುತ್ತದೆ. ಬರುವುದರ ಎರಡರಷ್ಟು ಖರ್ಚು. ಟ್ಯಾಂಕಿನಲ್ಲಿ ಕೂಡಿಟ್ಟದ್ದು ಒಂದು ನಿಮಿಷಕ್ಕೆ ಮುಗಿಯುತ್ತದೆ. ಹೊಸ ಕಂಪ್ರೆಸರ್ ಕೊಳ್ಳುವ ಮುಂಚೆ ಜೆಟ್ ಬದಲಿಸಿ. 2 ಮಿ.ಮೀ. ಜೆಟ್ ಹಾಕಿ 60 ಪಿಎಸ್‌ಐಗೆ ಇಳಿಸಿದರೆ ಖರ್ಚು ಹತ್ತಿರ ಹತ್ತಿರ 5ಕ್ಕೇ ಬರುತ್ತದೆ. ಕೆಲಸ ನಿಧಾನ, ಆದರೆ ನಿಲ್ಲುವುದಿಲ್ಲ. ಹಾಗಂತ ಸಣ್ಣ ಕಂಪ್ರೆಸರನ್ನು ಬಿಡುವೇ ಕೊಡದೆ ಓಡಿಸಬಾರದು. ಹತ್ತು ನಿಮಿಷ ಹೊಡೆದು ಅಷ್ಟೇ ಹೊತ್ತು ಆರಲು ಬಿಡುತ್ತೇನೆ. ಆ ಹೊತ್ತಿಗೆ ಒಂದು ಕಾಫಿ.

ಮೊದಲು ಚೆನ್ನಾಗಿತ್ತು, ಈಗೀಗ ಸುಸ್ತು ಅನ್ನುವುದಾದರೆ ಅದೇ ಸೆಕೆಂಡ್ ಪರೀಕ್ಷೆ ಮತ್ತೆ ಮಾಡಿ. 150 ಇದ್ದದ್ದು 200 ದಾಟಿದ್ದರೆ ರೋಗ ಕಂಪ್ರೆಸರಿನಲ್ಲಿದೆ. ಮೊದಲು ಗಾಳಿ ಎಳೆಯುವ ಬಾಯಿಯ ಸ್ಪಂಜು ಫಿಲ್ಟರ್ ಬಿಚ್ಚಿ ನೋಡಿ. ಬ್ಲಾಸ್ಟಿಂಗ್ ಧೂಳಿನಲ್ಲೇ ಕಂಪ್ರೆಸರ್ ಇಟ್ಟವರಿಗೆ ಅದು ಚಪಾತಿ ಹಿಟ್ಟಿನಂತೆ ಗಟ್ಟಿಯಾಗಿರುತ್ತದೆ. ಕಂಪ್ರೆಸರನ್ನು ಶೆಡ್ಡಿನ ಹೊರಗಿಡಿ. ಆಮೇಲೆ ಬೆಲ್ಟು, ಹೆಡ್ಡಿನ ವಾಲ್ವ್ ಪ್ಲೇಟು.

ಸೆಕೆಂಡ್ ಬದಲಾಗಿಲ್ಲ ಅಂದರೆ ದಾರಿಯಲ್ಲೆಲ್ಲೋ ತಡೆ. ಇಲ್ಲಿ ಒಂದು ಮೋಸವಿದೆ. ಟ್ರಿಗರ್ ಒತ್ತದೆ ಇದ್ದಾಗ ಮೀಟರ್ ತೋರಿಸುವ ಒತ್ತಡ ಸುಳ್ಳು. ಗಾಳಿ ಹರಿಯದೆ ಇದ್ದರೆ ಎಷ್ಟು ಸಣ್ಣ ಪೈಪಿನಲ್ಲೂ ಒತ್ತಡ ಸಮವಾಗಿಯೇ ಕಾಣುತ್ತದೆ. ಗನ್ನಿನ ಹಿಡಿಯ ಬುಡಕ್ಕೇ ಒಂದು ಸಣ್ಣ ಮೀಟರ್ ಹಾಕಿಸಿ, ಟ್ರಿಗರ್ ಒತ್ತಿಕೊಂಡೇ ನೋಡಿ. ನನ್ನಲ್ಲಿ ರೆಗ್ಯುಲೇಟರ್ 80 ಅನ್ನುತ್ತಿತ್ತು, ಗನ್ನಿನ ಬಳಿ 45. ನಡುವಿನ 35 ತಿಂದದ್ದು ಪೇಂಟ್ ಗನ್ನಿಗೆ ಕೊಡುವ ಆ ನೀಲಿ ಸುರುಳಿ ಪೈಪು. ಒಳಗಿನ ತೂತು 5 ಮಿ.ಮೀ. ಮಾತ್ರ. 12 ಮಿ.ಮೀ. ರಬ್ಬರ್ ಪೈಪು ಹಾಕಿದ ಮೇಲೆ 72ಕ್ಕೆ ಬಂತು.

ಮೋಟಾರು ಗುಂಯ್ ಅಂದು ಎದ್ದೇಳದಿದ್ದರೆ ವೋಲ್ಟೇಜು. ತೆಳು ವೈರಿನ ಉದ್ದನೆಯ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ 2 ಎಚ್‌ಪಿ ಮೋಟಾರು ಎಳೆಯಬೇಡಿ. 16 ಆ್ಯಂಪಿನ ಪವರ್ ಪ್ಲಗ್ಗಿಗೆ ನೇರ ಹಾಕಿ, ಗಾಳಿ ಪೈಪನ್ನು ಉದ್ದ ಮಾಡಿಕೊಳ್ಳಿ.

ಗಾಳಿ ಬರುತ್ತದೆ, ಪುಡಿ ಬರಲ್ಲ

ಈಗ ಗನ್ನಿನ ಸರದಿ. ಬಿಚ್ಚುವ ಮುಂಚೆ ಗಾಳಿ ಕಟ್ ಮಾಡಿ, ಟ್ರಿಗರ್ ಒತ್ತಿ ಪೈಪಿನಲ್ಲಿ ಉಳಿದದ್ದನ್ನೂ ಬಿಟ್ಟುಬಿಡಿ. ಗನ್ನಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಂದಕ್ಕೆ ಊದಿಸಿ ಕಸ ಬಿಡಿಸುವ ಉಪಾಯವನ್ನು ಯಾರಾದರೂ ಹೇಳಿಕೊಡುತ್ತಾರೆ. ಕೈಗವಸು ಇದ್ದರೂ ಬೇಡ. ಗಾಳಿಯೂ ಪುಡಿಯೂ ಚರ್ಮದೊಳಗೆ ನುಗ್ಗಿದರೆ ಆಸ್ಪತ್ರೆಗೇ ಹೋಗಬೇಕು.

ಸೈಫನ್ ಗನ್ನಿನ ಕೆಲಸ ಸರಳ. ಸಣ್ಣ ಜೆಟ್ಟಿನಿಂದ ಗಾಳಿ ವೇಗವಾಗಿ ದೊಡ್ಡ ನಾಝಲ್ಲಿಗೆ ನುಗ್ಗುವಾಗ ನಡುವಿನ ಗೂಡಿನಲ್ಲಿ ಒತ್ತಡ ಇಳಿಯುತ್ತದೆ, ಪುಡಿ ಮೇಲೇರುತ್ತದೆ. ಎಳೆಯುವ ಪೈಪಿನ ತುದಿಯನ್ನು ಪುಡಿಯಿಂದ ಹೊರತೆಗೆದು ಅಂಗೈ ಹತ್ತಿರ ಹಿಡಿದು ಟ್ರಿಗರ್ ಒತ್ತಿ. ಅಂಗೈಯನ್ನು ಎಳೆದು ಹಿಡಿದರೆ ಗನ್ನು ಸರಿ, ಪೈಪಿನ ಕೆಳಗೆ ಹುಡುಕಿ. ಎಳೆತವಿಲ್ಲದೆ ಅಲ್ಲಿಂದಲೂ ಗಾಳಿ ಊದಿದರೆ ನಾಝಲ್ ಕಟ್ಟಿಕೊಂಡಿದೆ. ಎಳೆತ ಇದ್ದೂ ಇಲ್ಲದಷ್ಟೇ ಇದ್ದರೆ ಎರಡು ಕಾರಣ. ಒಂದು, ಜೆಟ್ಟು ನಾಝಲ್ಲಿಗೆ ತೀರಾ ಹತ್ತಿರ ಅಥವಾ ದೂರ ಕೂತಿದೆ. ಅರ್ಧ ಸುತ್ತು ತಿರುಗಿಸಿ ಅಂಗೈ ಪರೀಕ್ಷೆ, ಮತ್ತೆ ಅರ್ಧ ಸುತ್ತು. ಎರಡು, ನಾಝಲ್ ಸವೆದಿದೆ. ನಾಝಲ್ಲಿನ ತೂತು ಜೆಟ್ಟಿನ ಎರಡರಷ್ಟು ಇರಬೇಕು ಅನ್ನುವುದು ರೂಢಿ. ಡ್ರಿಲ್ ಬಿಟ್ಟಿನ ಹಿಂಬದಿಯ ನುಣುಪು ಭಾಗವೇ ಒಳ್ಳೆಯ ಅಳತೆಗೋಲು. ಹೊಸತಿದ್ದಾಗ 5 ಮಿ.ಮೀ. ಬಿಟ್ಟು ಬಿಗಿಯಾಗಿ ಕೂರುತ್ತಿದ್ದ ನಾಝಲ್ಲಿಗೆ ಈಗ 6.5 ಮಿ.ಮೀ. ಬಿಟ್ಟು ಹೋದರೆ ಎಸೆಯಿರಿ. ಅಲ್ಯೂಮಿನಿಯಂ ಆಕ್ಸೈಡ್ ಹೊಡೆದರೆ ಸೆರಾಮಿಕ್ ನಾಝಲ್ ಕೆಲವೇ ಗಂಟೆ ಬಾಳುತ್ತದೆ. ಬೋರಾನ್ ಕಾರ್ಬೈಡಿನದು ದುಬಾರಿ, ಆದರೆ ನೂರಾರು ಗಂಟೆ.

ಗಾಜಿನಲ್ಲಿ ಏನೂ ಕಾಣಲ್ಲ, ಮೂಗಿನಲ್ಲಿ ಕಪ್ಪು

ಉಳಿದ ದೋಷಗಳಿಂದ ಕೆಲಸ ನಿಲ್ಲುತ್ತದೆ. ಈ ದೋಷದಲ್ಲಿ ಕೆಲಸ ಚೆನ್ನಾಗಿಯೇ ನಡೆಯುತ್ತಿರುತ್ತದೆ, ಅದೇ ತೊಂದರೆ. ಮುಗಿದ ಮೇಲೆ ಬಿಳಿ ಕರ್ಚೀಫಿನಲ್ಲಿ ಮೂಗು ಒರೆಸಿ ನೋಡಿ. ಕಪ್ಪು ಬಂದರೆ ಪೆಟ್ಟಿಗೆ ಸೋರುತ್ತಿದೆ, ಮಾಸ್ಕೂ ಸೋರುತ್ತಿದೆ.

ಸೋರುವ ಜಾಗ ಹುಡುಕಲು ರಾತ್ರಿಯೇ ಒಳ್ಳೆಯದು. ಮಾಸ್ಕ್ ಹಾಕಿಕೊಂಡು, ಶೆಡ್ಡಿನ ದೀಪ ಆರಿಸಿ. ಇನ್ನೊಬ್ಬರು, ಅವರೂ ಮಾಸ್ಕ್ ಹಾಕಿ, ಪೆಟ್ಟಿಗೆಯ ಅಂಚಿಗೆ ಸಮವಾಗಿ ಟಾರ್ಚು ಹಿಡಿಯಲಿ. ನೀವು ಒಳಗೆ ಗನ್ನು ಬಿಡಿ. ಬೆಳಗಿನ ಬಿಸಿಲು ಕಿಟಕಿಯಿಂದ ಬಂದಾಗ ಕೋಲಿನಂಥ ಬೆಳಕಿನಲ್ಲಿ ಧೂಳು ಕುಣಿಯುತ್ತದಲ್ಲ, ಹಾಗೆ ಟಾರ್ಚಿನ ಬೆಳಕಿನಲ್ಲಿ ಹೊಗೆಯ ಎಳೆ ಹೊರಬರುವುದು ಕಾಣುತ್ತದೆ. ನನ್ನ ಪೆಟ್ಟಿಗೆಯಲ್ಲಿ ಬಾಗಿಲಿನ ಸ್ಪಂಜು ಪಟ್ಟಿ ಸರಿಯಾಗಿತ್ತು. ಎಡಗೈ ಗವಸಿನ ಹೆಬ್ಬೆರಳಿನ ಬುಡದಲ್ಲಿ ಸೂಜಿಮೊನೆಯಷ್ಟು ತೂತು, ಅಲ್ಲಿಂದ ಎಳೆ ಎಳೆಯಾಗಿ ಬರುತ್ತಿತ್ತು. ಮೂರು ತಿಂಗಳಿಂದ ಅದೇ ಗವಸಿನಲ್ಲಿ ಕೆಲಸ ಮಾಡಿದ್ದೆ.

ಒಳಗೆ ಮಂಜು ಕವಿದಂತಾದರೆ ಧೂಳು ಎಳೆಯುವ ಕಡೆ ನೋಡಿ. ಎಳೆಯುವ ತೂತಿನ ಎದುರು ಗೋಡೆಯಲ್ಲಿ ಹೊಸ ಗಾಳಿ ಒಳಬರುವ ತೂತೂ ಇರಬೇಕು, ಅದಕ್ಕೆ ಒಳಗಿನಿಂದ ಒಂದು ತಗಡಿನ ಮರೆ. ಬರೀ ಎಳೆದರೆ ಎಲ್ಲಿಂದ ಬರಬೇಕು ಗಾಳಿ? ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರ್ ಹಾಕಿದರೆ ದಪ್ಪ ಧೂಳು ಚೀಲದಲ್ಲಿ ಉಳಿದು ನವಿರಾದದ್ದು ಹಿಂಬದಿಯಿಂದ ಶೆಡ್ಡಿಗೇ ವಾಪಸ್. ಕೆಡುಕು ಮಾಡುವುದೂ ಆ ನವಿರು ಧೂಳೇ. ನವಿರು ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವುದನ್ನು ಹಾಕಿ, ಇಲ್ಲವೇ ಅದನ್ನು ಹೊರಗಿಟ್ಟು ಉದ್ದ ಪೈಪಿನಿಂದ ಎಳೆಸಿ. ಅಕ್ಕಪಕ್ಕದ ಮನೆಯ ಕಿಟಕಿ ಯಾವ ಕಡೆ ಇದೆ ಅಂತಲೂ ನೋಡಿಕೊಳ್ಳಿ.

ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಏನೂ ಪ್ರಯೋಜನವಿಲ್ಲ. ನಾನು ಹಾಕುವುದು ಎರಡೂ ಕಡೆ ಪಿ100 (ಅತಿ ನವಿರು ಧೂಳನ್ನೂ ತಡೆಯುವ) ಫಿಲ್ಟರ್ ಇರುವ, ಮೂಗು ಬಾಯಿ ಮುಚ್ಚುವ ರಬ್ಬರ್ ಅರ್ಧ ಮಾಸ್ಕ್. ಗಡ್ಡ ಇದ್ದರೆ ರಬ್ಬರ್ ಕೂರುವುದಿಲ್ಲ, ಸಂದಿಯಲ್ಲೇ ಧೂಳು ಹೋಗುತ್ತದೆ. ಮಾಸ್ಕ್ ತೆಗೆಯುವುದು ಪೆಟ್ಟಿಗೆಯ ಬಾಗಿಲು ತೆರೆದು, ಒರೆಸಿ, ಎಲ್ಲ ಮುಗಿದ ಮೇಲೆ. ಗನ್ನು ನಿಂತ ತಕ್ಷಣ ಬಾಗಿಲು ತೆರೆಯಬಾರದು. ಎರಡು ಮೂರು ನಿಮಿಷ ಎಳೆಯುವ ಯಂತ್ರ ಓಡುತ್ತಿರಲಿ. ಪೆಟ್ಟಿಗೆ ಇಲ್ಲದೆ ಅಂಗಳದಲ್ಲಿ ನಿಂತು ಹೊಡೆಯುವುದಕ್ಕೆ ಈ ಮಾಸ್ಕ್ ಸಾಲದು. ಹೊರಗಿನಿಂದ ಶುದ್ಧ ಗಾಳಿ ಬರುವ ಹುಡ್ ಬೇಕು. ಆಯಿಲ್ ಹಾಕಿದ ಮನೆಯ ಕಂಪ್ರೆಸರಿನಿಂದ ಆ ಹುಡ್ಡಿಗೆ ಗಾಳಿ ಕೊಟ್ಟರೆ ಆಯಿಲ್ ಹೊಗೆ, ಕಾರ್ಬನ್ ಮಾನಾಕ್ಸೈಡ್ ಕುಡಿದ ಹಾಗೆ. ದೊಡ್ಡ ಚಾಸಿಸ್ ಇದ್ದರೆ ಬ್ಲಾಸ್ಟಿಂಗ್ ಅಂಗಡಿಗೆ ಕೊಟ್ಟುಬಿಡಿ. ನಾನೂ ಹಾಗೇ ಮಾಡಿದೆ.

ಬಿದ್ದ ಧೂಳನ್ನು ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಹಾಕಿಕೊಂಡ ಬಟ್ಟೆಯನ್ನು ಕೊಡವದೆ ಬೇರೆಯೇ ಒಗೆಯಿರಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರಂತೂ ಆ ಬಟ್ಟೆಯಲ್ಲಿ ಒಳಗೆ ಕಾಲಿಡಬೇಡಿ.

ಚುರ್ ಅಂತ ಶಾಕ್

ಹೆದರಬೇಡಿ, ಸಾಮಾನ್ಯವಾಗಿ ಇದು ಲೈನ್ ಕರೆಂಟ್ ಅಲ್ಲ. ಪುಡಿ ರಬ್ಬರ್ ಪೈಪಿಗೆ ಉಜ್ಜಿ ಹುಟ್ಟುವ ಸ್ಟ್ಯಾಟಿಕ್. ಪೆಟ್ಟಿಗೆಯಿಂದಲೂ ಗನ್ನಿನಿಂದಲೂ ಒಂದೊಂದು ತಾಮ್ರದ ವೈರ್ ಎಳೆದು ಅರ್ಥಿಂಗಿಗೆ ಕೊಟ್ಟರೆ ನಿಲ್ಲುತ್ತದೆ. ನಿಲ್ಲದಿದ್ದರೆ ಕೆಲಸ ಬಿಟ್ಟು ಎಲೆಕ್ಟ್ರಿಷಿಯನ್ ಕರೆಸಿ. ಒಳಗಿನ ಬಲ್ಬಿನ ವೈರ್ ಸುಲಿದಿರಬಹುದು.

ತಗಡು ಸೊಟ್ಟಗಾಯಿತು

ಮಡ್‌ಗಾರ್ಡು, ಸೈಡ್ ಬಾಕ್ಸುಗಳಂಥ ತೆಳು ತಗಡು ಬಿಸಿಗೆ ಬಾಗುತ್ತದೆ ಅಂತ ಜನ ಅಂದುಕೊಂಡಿದ್ದಾರೆ. ಮುಖ್ಯ ಕಾರಣ ಬೇರೆ. ಪ್ರತಿ ಕಾಳೂ ಒಂದು ಪುಟ್ಟ ಸುತ್ತಿಗೆ. ಸಾವಿರಾರು ಏಟಿಗೆ ಆ ಒಂದು ಮುಖ ಮಾತ್ರ ಹಿಗ್ಗುತ್ತದೆ, ತಗಡು ಹೊಟ್ಟೆ ಬಿಡುತ್ತದೆ. 40 ಪಿಎಸ್‌ಐಗೆ ಇಳಿಸಿ, ನವಿರು ಪುಡಿ ಹಾಕಿ, ಒಂದು ಗೇಣು ದೂರದಿಂದ ಓರೆಯಾಗಿ ಹೊಡೆಯಿರಿ, ಒಂದೇ ಕಡೆ ನಿಲ್ಲಬೇಡಿ. ಹೊಟ್ಟೆ ಬಿಟ್ಟ ಮೇಲೆ ಸರಿ ಮಾಡುವುದು ಟಿಂಕರಿಂಗ್ ಮೇಸ್ತ್ರಿಯ ಕೆಲಸ.

ಪೆಟ್ರೋಲ್ ಟ್ಯಾಂಕು, ಬೇರಿಂಗು, ಕಾರ್ಬುರೇಟರ್, ಕ್ರೋಮ್ ರಿಮ್ಮು, ಇವನ್ನು ಒಳಗೆ ಇಡಬೇಡಿ. ಎಂಜಿನ್ ಕೇಸಿನ ಆಯಿಲ್ ದಾರಿಯಲ್ಲಿ ಉಳಿದ ಒಂದು ಚಿಟಿಕೆ ಪುಡಿ ಹೊಸ ಬೇರಿಂಗನ್ನು ತಿಂದು ಹಾಕುತ್ತದೆ. ಕಬ್ಬಿಣಕ್ಕೆ ಬಳಸಿದ ಪುಡಿಯನ್ನು ಅಲ್ಯೂಮಿನಿಯಂಗೆ ಹೊಡೆಯಬಾರದು. ತುಕ್ಕಿನ ಪುಡಿ, ಅಲ್ಯೂಮಿನಿಯಂ ಲೋಹದ ಪುಡಿ (ಹೊಡೆಯುವ ಅಲ್ಯೂಮಿನಿಯಂ ಆಕ್ಸೈಡ್ ಅಲ್ಲ) ಒಂದೇ ಚೀಲದಲ್ಲಿ ಸೇರಿದರೆ ಒಂದು ಕಿಡಿಗೆ ಉರಿದೇಳುವ ಸಾಮಾನು ಅದು.

ಬೆಳಿಗ್ಗೆ ನೋಡಿದರೆ ಮತ್ತೆ ತುಕ್ಕು

ಹೊಟ್ಟೆ ಉರಿಯುವುದು ಇದಕ್ಕೇ. ರಾತ್ರಿ ಬೂದು ರೇಷ್ಮೆಯಂತೆ ಇದ್ದ ಸ್ಟ್ಯಾಂಡಿನ ಮೇಲೆ ಬೆಳಿಗ್ಗೆ ಅರಿಶಿನ ಚೆಲ್ಲಿದ ಹಾಗೆ. ಹೇಗೆ ಬಂದಿದೆ ಅಂತ ಗಮನಿಸಿ, ಕಾರಣ ಅದರಲ್ಲೇ ಬರೆದಿರುತ್ತದೆ.

ಎಲ್ಲ ಕಡೆ ತೆಳುವಾಗಿ ಸಮವಾಗಿ ಹಳದಿ ಬಂದಿದ್ದರೆ ಅದು ಬರೀ ತೇವ. ಮಳೆಗಾಲದಲ್ಲಿ ಬೋಳು ಉಕ್ಕು ರಾತ್ರಿ ಕಾಯುವುದಿಲ್ಲ. ಮತ್ತೆ ಹಗುರಾಗಿ ಹೊಡೆದು ಆ ದಿನವೇ ಎಪಾಕ್ಸಿ ಪ್ರೈಮರ್ ಹಾಕಿ. ಪ್ರೈಮರ್ ಹಾಕುವವರ ರೂಢಿ ಅಂದರೆ ತೇವ 85%ಕ್ಕಿಂತ ಕಡಿಮೆ ಇರಬೇಕು, ಉಕ್ಕು ಇಬ್ಬನಿ ಕಟ್ಟುವ ಉಷ್ಣತೆಗಿಂತ 3 ಡಿಗ್ರಿಯಾದರೂ ಬೆಚ್ಚಗಿರಬೇಕು. ನಾನು 100 ವಾಟ್ಸಿನ ಹಳೆಯ ಬಲ್ಬಿನ ಕೆಳಗೆ ಅರ್ಧ ಗಂಟೆ ಇಟ್ಟು ಬೆಚ್ಚಗೆ ಮಾಡಿಕೊಳ್ಳುತ್ತೇನೆ.

ಬೆರಳಿನ ಗುರುತಿನ ಆಕಾರದಲ್ಲಿ ಬಂದಿದ್ದರೆ ತಪ್ಪು ನಿಮ್ಮದೇ. ಬೆವರಿನ ಉಪ್ಪು. ಹೊಡೆದ ಮೇಲೆ ಬರಿಗೈಯಲ್ಲಿ ಮುಟ್ಟಬಾರದು. ನಮ್ಮನೆಯಲ್ಲಿ “ಎಷ್ಟು ಚೆನ್ನಾಗಾಗಿದೆ ಅಲ್ವಾ” ಅಂತ ಸವರಿದವರ ಐದೂ ಬೆರಳು ಮರುದಿನ ಸ್ಟ್ಯಾಂಡಿನ ಮೇಲೆ ಅಚ್ಚಾಗಿತ್ತು. ಯಾರು ಅಂತ ಕೇಳಲು ಹೋಗಲಿಲ್ಲ.

ಸಮವಾಗಿ ಅಲ್ಲ, ತುಕ್ಕು ತಿಂದ ಗುಳಿಗಳಲ್ಲಿ ಮಾತ್ರ ಕಪ್ಪು ಕಪ್ಪಾಗಿ ಒದ್ದೆ ಚುಕ್ಕೆ ಎದ್ದಿದ್ದರೆ ಅದು ಉಪ್ಪು. ಮಂಗಳೂರು, ಉಡುಪಿ, ಕಾರವಾರದ ಕಡೆ ಓಡಿದ ಗಾಡಿಗಳಲ್ಲಿ ಇದು ಜಾಸ್ತಿ. ಕಡಲ ಗಾಳಿಯ ಉಪ್ಪು ಗುಳಿಯ ತಳದಲ್ಲಿ ಕೂತಿರುತ್ತದೆ. ಒಣ ಪುಡಿ ಅದನ್ನು ಪೂರ್ತಿ ತೆಗೆಯುವುದಿಲ್ಲ, ಇನ್ನಷ್ಟು ಒಳಗೆ ತುರುಕುತ್ತದೆ. ಇಲ್ಲಿ ಮಾಡಬೇಕಾದದ್ದು ಕೇಳಿದರೆ ವಿಚಿತ್ರ ಅನಿಸಬಹುದು. ತುಕ್ಕು ತೆಗೆದ ಕಬ್ಬಿಣವನ್ನು ಬೇಕೆಂದೇ ನೀರಿನಲ್ಲಿ ತೊಳೆಯಬೇಕು. ಶುದ್ಧ ನೀರಿನಲ್ಲಿ, ನೈಲಾನ್ ಬ್ರಷ್ಷಿನಿಂದ ಗುಳಿಗಳನ್ನು ಉಜ್ಜಿ ತೊಳೆದು, ಬಿಸಿ ಗಾಳಿಯಲ್ಲಿ ಪೂರ್ತಿ ಒಣಗಿಸಿ, ಮತ್ತೆ ಹೊಡೆಯಿರಿ. ಒಂದು ರಾತ್ರಿ ಬಿಟ್ಟು ನೋಡಿ. ಚುಕ್ಕೆ ಮತ್ತೆ ಎದ್ದರೆ ಮತ್ತೊಮ್ಮೆ. ಚುಕ್ಕೆ ಇರುವಾಗಲೇ ಪೇಂಟ್ ಹೊಡೆದರೆ ಮುಂದಿನ ಮಳೆಗಾಲಕ್ಕೆ ಅಲ್ಲೇ ಗುಳ್ಳೆ.

ನನ್ನ ಸ್ಟ್ಯಾಂಡಿಗೆ ಎರಡು ತೊಳೆತ ಬೇಕಾಯಿತು. ಈಗ ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ ಮಾರ್ಕರಿನಲ್ಲಿ ನಾಲ್ಕು ಸಾಲು ಬರೆದಿಟ್ಟಿದ್ದೇನೆ: ಟ್ಯಾಂಕು ತುಂಬಲು 150 ಸೆಕೆಂಡ್. ಗನ್ನಿನ ಬಳಿ 72. ನಾಝಲ್ 5 ಮಿ.ಮೀ., ಹಾಕಿದ ತಾರೀಖು. ಎಡ ಗವಸು ಹೊಸದು.